ಮನೆಯ ಕರೆಂಟಿಗೆ ಮನೆಯದೇ ಲೆಕ್ಕ

ಕಡೂರು ತಾಲ್ಲೂಕಿನ ಚೌಳಹಿರಿಯೂರಿನ ಮನೆಗಳಿಗೆ ಕರೆಂಟ್ ಕೊಡುವುದು ಮೆಸ್ಕಾಂ. ತಿಂಗಳಿಗೊಮ್ಮೆ ಬರುವ ಬಿಲ್ಲಿನಲ್ಲಿ ಒಟ್ಟು ಯೂನಿಟ್ ಇರುತ್ತದೆ. ಯಾವ ಹೊತ್ತಿನಲ್ಲಿ, ಯಾವುದಕ್ಕೆ ಖರ್ಚಾಯಿತು ಎಂಬುದು ಇರುವುದಿಲ್ಲ. 2023ರ ಆಗಸ್ಟ್‌ನಿಂದ ಗೃಹಜ್ಯೋತಿಯ ಶೂನ್ಯ ಬಿಲ್ ಬರುತ್ತಿರುವಾಗ ಈ ಲೆಕ್ಕವೇಕೆ ಎಂದು ಕೇಳುವವರಿದ್ದಾರೆ. ಲೆಕ್ಕ ನಿಜವಾಗಿ ಬೇಕಿರುವುದು ಈಗಲೇ. ಆ ಯೋಜನೆಯಲ್ಲಿ ಎಲ್ಲರಿಗೂ 200 ಯೂನಿಟ್ ಸಿಗುವುದಿಲ್ಲ; 2022-23ರ ಸರಾಸರಿ ಬಳಕೆಗೆ ಶೇ. 10 ಸೇರಿಸಿ ಮಿತಿ ಗೊತ್ತುಮಾಡುತ್ತಾರೆ, ತೀರಾ ಕಡಿಮೆ ಬಳಸುತ್ತಿದ್ದವರಿಗೆ 10 ಯೂನಿಟ್ ಸೇರಿಸುತ್ತಾರೆ. ಸರಾಸರಿ 80 ಇದ್ದ ಮನೆಗೆ 88 ಯೂನಿಟ್, ಅಂದರೆ ದಿನಕ್ಕೆ ಮೂರಕ್ಕೂ ಕಡಿಮೆ. ಮಿತಿ ದಾಟಿದರೆ ಹೆಚ್ಚಿನದಕ್ಕೆ ಹಣ, 200 ದಾಟಿದರೆ ಪೂರ್ತಿ ಬಿಲ್. ದಾಟಿದ್ದು ಗೊತ್ತಾಗುವುದು ಮಾತ್ರ ತಿಂಗಳು ಮುಗಿದ ಮೇಲೆ.

ಮುಂಚೆಯೇ ತಿಳಿಯುವ ದಾರಿ ಮೀಟರಿನ ಮುಖದಲ್ಲೇ ಇದೆ. ಎಲೆಕ್ಟ್ರಾನಿಕ್ ಮೀಟರಿನಲ್ಲಿ ಪುಟ್ಟ ಕೆಂಪು ದೀಪವೊಂದು ಮಿನುಗುತ್ತಿರುತ್ತದೆ. ಪಕ್ಕದಲ್ಲಿ 3200 ಎಂದಿದ್ದರೆ ಅಷ್ಟು ಮಿನುಗಿಗೆ ಒಂದು ಯೂನಿಟ್. ಎರಡು ಮಿನುಗಿನ ನಡುವೆ 15 ಸೆಕೆಂಡಾದರೆ ಮನೆ ಎಳೆಯುತ್ತಿರುವುದು 75 ವ್ಯಾಟ್, ಹಳೆಯ ಸೀಲಿಂಗ್ ಫ್ಯಾನಿನಷ್ಟು. ನೀರು ಕಾಯಿಸುವ 1500 ವ್ಯಾಟ್ ರಾಡ್ ಹಾಕಿದರೆ ಮುಕ್ಕಾಲು ಸೆಕೆಂಡಿಗೊಮ್ಮೆ ಮಿನುಗುತ್ತದೆ. ಆ ದೀಪದ ಮೇಲೆ ಬೆಳಕಿನ ಸೆನ್ಸರ್ ಅಂಟಿಸಿದರೆ ಅದು ಎಣಿಸಿದ್ದನ್ನು ರೇಡಿಯೋ ಮೂಲಕ ಒಳಗಿನ ಪರದೆಗೆ ಕಳಿಸುತ್ತದೆ. ಸೀಲ್ ಮುಟ್ಟಬೇಕಿಲ್ಲ, ವೈರ್ ಬಿಚ್ಚಬೇಕಿಲ್ಲ. ವೈರಿನ ಸುತ್ತ ಕ್ಲಾಂಪ್ ತೊಡಿಸುವ ಸಾಧನಗಳೂ ಇವೆ; ಆದರೆ ಬರಿಯ ಕ್ಲಾಂಪ್ ಅಳೆಯುವುದು ಆಂಪಿಯರ್ ಮಾತ್ರ. ವೋಲ್ಟೇಜ್ ಏರಿಳಿಯುವ ಊರಿನಲ್ಲಿ, ಮೋಟಾರ್ ಓಡುವ ಮನೆಯಲ್ಲಿ ಅದರ ಅಂದಾಜು ತಪ್ಪುತ್ತದೆ. ಮಿನುಗಿನ ಎಣಿಕೆಯಾದರೆ ಬಿಲ್ಲಿನ ಎಣಿಕೆಯೇ.

ನೋಡಿದ ಮಾತ್ರಕ್ಕೆ ಉಳಿತಾಯವಾಗುತ್ತದೆಯೇ? ಆಕ್ಸ್‌ಫರ್ಡಿನ ಸಾರಾ ಡಾರ್ಬಿ 2006ರಲ್ಲಿ ಹಲವು ಅಧ್ಯಯನಗಳನ್ನು ಪರಿಶೀಲಿಸಿ, ಬಳಕೆ ಕಣ್ಣೆದುರೇ ಕಂಡರೆ ಶೇ. 5ರಿಂದ 15ರಷ್ಟು ಉಳಿಯುತ್ತದೆ ಎಂದರು. ಬ್ರಿಟನ್ನಿನಲ್ಲಿ 2007ರಿಂದ 2010ರವರೆಗೆ ನಡೆದ ದೊಡ್ಡ ಪ್ರಯೋಗದಲ್ಲಿ ಉಳಿದದ್ದು ಸುಮಾರು ಶೇ. 3 ಅಷ್ಟೇ. ಪರದೆಯ ಮೇಲಿನ ಅಂಕಿ ತಾನಾಗಿ ಏನನ್ನೂ ಉಳಿಸುವುದಿಲ್ಲ, ಸೋರಿಕೆ ಎಲ್ಲಿದೆಯೆಂದು ತೋರಿಸುತ್ತದೆ. ಎಲ್ಲರೂ ಮಲಗಿದ ಮೇಲೂ 10 ವ್ಯಾಟ್ ಎಳೆಯುವ ಸೆಟ್‌ಟಾಪ್ ಬಾಕ್ಸ್ ಹಗಲಿರುಳು ಹಾಗೇ ಇದ್ದರೆ ತಿಂಗಳಿಗೆ 7.2 ಯೂನಿಟ್. ಮೇಲೆ ಹೇಳಿದ ಮನೆಗೆ ಸರ್ಕಾರ ಹೆಚ್ಚಾಗಿ ಕೊಟ್ಟ ಎಂಟು ಯೂನಿಟ್ ಬಹುಪಾಲು ಅಲ್ಲೇ ಮುಗಿಯಿತು. ಸಾಧನಕ್ಕೂ ಕರೆಂಟ್ ಬೇಕಲ್ಲವೇ ಎಂದರೆ, ಒಂದು ವ್ಯಾಟಿನ ಪರದೆಗೆ ತಿಂಗಳಿಗೆ ಮುಕ್ಕಾಲು ಯೂನಿಟ್ಟೂ ಬೇಡ.

ಖಾಸಗಿತನದ ಆಕ್ಷೇಪಣೆ ಇದಕ್ಕಿಂತ ಗಟ್ಟಿಯಾದದ್ದು. ಒಟ್ಟು ಬಳಕೆಯ ಏರಿಳಿತದಿಂದಲೇ ಯಾವ ಉಪಕರಣ ಯಾವಾಗ ಓಡಿತೆಂದು ಹೇಳಬಹುದೆಂದು ಎಂಐಟಿಯಲ್ಲಿ ತೋರಿಸಿಕೊಟ್ಟ ಜಾರ್ಜ್ ಹಾರ್ಟ್ ಅವರೇ, ಇದು ಮನೆಯ ಮೇಲಿನ ಕಣ್ಗಾವಲಾದೀತೆಂದು 1989ರಲ್ಲಿ ಎಚ್ಚರಿಸಿದರು. ಅದೇ ಅಂಜಿಕೆಯಿಂದ ನೆದರ್ಲೆಂಡ್ಸ್‌ನ ಮೇಲ್ಮನೆ 2009ರಲ್ಲಿ ಸ್ಮಾರ್ಟ್ ಮೀಟರ್ ಕಡ್ಡಾಯವನ್ನು ತಡೆಯಿತು. ಆದ್ದರಿಂದ ದಾಖಲೆ ದೂರದ ಕಂಪನಿಯ ಸರ್ವರ್‌ಗೆ ಹೋಗದೆ ಮನೆಯೊಳಗೇ ಉಳಿಯುವ ಸಾಧನವನ್ನೇ ಆರಿಸಬೇಕು. ಸೋರಿಕೆ ಹುಡುಕಲು ಒಂದು ತಿಂಗಳು ಸಾಕು. ಪ್ರತಿ ಮನೆಯೂ ಕೊಳ್ಳಬೇಕಿಲ್ಲ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ ಪುಸ್ತಕದಂತೆ ಇದನ್ನೂ ಎರವಲು ಕೊಟ್ಟು, ಹಿಂದಿರುಗಿಸುವಾಗ ಹಳೆಯ ದಾಖಲೆ ಅಳಿಸಿದರೆ, ಒಂದೇ ಸಾಧನ ವರ್ಷಕ್ಕೆ ಹನ್ನೆರಡು ಮನೆಗಳ ಲೆಕ್ಕವನ್ನು ಆಯಾ ಮನೆಯವರ ಕೈಗೇ ಕೊಡುತ್ತದೆ.