ಡೆಟ್ರಾಯ್ಟ್ ನದಿಯ ಕೊನೆಯ ಒಂದು ಮೈಲಿ

“ಸಮುದ್ರ ತೋರಿಸ್ತೇನೆ ಬಾ ಅಜ್ಜ” ಎಂದು ಮೊಮ್ಮಗ ಕೈಹಿಡಿದು ಎಳೆದಾಗ ಒಳಗೇ ನಕ್ಕೆ. ಕುಮಟಾದ ಕಡೆ ಹುಟ್ಟಿದವನಿಗೆ ಮಿಶಿಗನ್ನಿನಲ್ಲಿ ಸಮುದ್ರ! ಆದರೆ ಅವನ ತಪ್ಪೂ ಇಲ್ಲ. ಈರಿ ಸರೋವರದ ದಡದಲ್ಲಿ ನಿಂತರೆ ಆಚೆ ದಡ ಕಾಣುವುದಿಲ್ಲ, ಅಲೆ ಬಡಿಯುತ್ತದೆ, ದೊಡ್ಡ ಹಡಗು ಸಾಗುತ್ತದೆ. ಉಪ್ಪಿನ ವಾಸನೆಯೊಂದು ಇಲ್ಲ, ಅಷ್ಟೇ.

ಮೇ ತಿಂಗಳ ಬೆಳಗು. ಡೆಟ್ರಾಯ್ಟ್‌ನಿಂದ ದಕ್ಷಿಣಕ್ಕೆ, ನದಿಯ ಪಕ್ಕದ ಜೆಫರ್ಸನ್ ರಸ್ತೆಯಲ್ಲಿ ಟ್ರೆಂಟನ್ ಊರಿಗೆ ಹೊರಟೆವು. ರಸ್ತೆಯ ಅಂಚಿನಲ್ಲೇ ಮುಚ್ಚಿಹೋದ ಮೆಕ್‌ಲೌತ್ ಉಕ್ಕಿನ ಕಾರ್ಖಾನೆಯ ಜಾಗ. ಮಣ್ಣಿಗೆ ಸೇರಿದ ವಿಷದ ಕಾರಣಕ್ಕೆ 2019ರಲ್ಲಿ ಅದು ಕೇಂದ್ರ ಸರ್ಕಾರದ ಶುದ್ಧೀಕರಣ ಪಟ್ಟಿಗೆ ಸೇರಿತು. ಇಂಥ ದಾರಿಯಲ್ಲಿ ವನ್ಯಧಾಮ ಯಾವುದಪ್ಪಾ ಎಂದುಕೊಳ್ಳುವಷ್ಟರಲ್ಲಿ ಮಗಳು ಕಾರು ತಿರುಗಿಸಿದಳು. ‘ಡೆಟ್ರಾಯ್ಟ್ ನದಿ ಅಂತರರಾಷ್ಟ್ರೀಯ ವನ್ಯಜೀವಿ ಧಾಮ’ ಎಂಬ ಫಲಕ. ಒಳಗೆ ಹೋಗಲು ದುಡ್ಡಿಲ್ಲ.

ನಾವು ನಿಂತದ್ದೂ ಹಿಂದೆ ಕ್ರೈಸ್ಲರ್ ಕಾರ್ಖಾನೆಯಿದ್ದ ನೆಲವೇ. ಕೆಡವಿ, ಮಣ್ಣು ಸರಿಮಾಡಿ, ಹುಲ್ಲು ನೆಟ್ಟು, ಸಂದರ್ಶಕರ ಕೇಂದ್ರ ಕಟ್ಟಿದ್ದಾರೆ. ಅದಕ್ಕೆ ಜಾನ್ ಡಿಂಗೆಲ್ ಅವರ ಹೆಸರು. 59 ವರ್ಷ ಸಂಸತ್ತಿನಲ್ಲಿ ಕೂತ ಈ ಪುಣ್ಯಾತ್ಮ ಬಾತುಕೋಳಿ ಬೇಟೆಗಾರರೂ ಆಗಿದ್ದರು. 2001ರಲ್ಲಿ ಈ ಧಾಮದ ಕಾಯ್ದೆ ತಂದವರು ಅವರೇ. ಅಮೆರಿಕ ಮತ್ತು ಕೆನಡಾ ಸೇರಿ ನೋಡಿಕೊಳ್ಳುವ ಇಂಥ ಧಾಮ ಉತ್ತರ ಅಮೆರಿಕದಲ್ಲಿ ಅದೇ ಮೊದಲು. ನದಿ ಮತ್ತು ಈರಿ ಸರೋವರದ ಪಶ್ಚಿಮ ದಡ ಸೇರಿ ಸುಮಾರು 48 ಮೈಲಿ ಉದ್ದಕ್ಕೆ, ದ್ವೀಪ, ಜೌಗು, ಮರಳುದಿಬ್ಬಗಳಲ್ಲಿ ತುಣುಕುತುಣುಕಾಗಿ ಹರಡಿಕೊಂಡಿದೆ.

ಬೇಟೆಗಾರರ ವಿಷಯಕ್ಕೆ ಬಂದರೆ, ಇಲ್ಲಿನ ಕತೆ ಶುರುವಾಗುವುದು ಅವರಿಂದಲೇ. 1948ರ ಚಳಿಗಾಲದಲ್ಲಿ ನದಿಗೆ ಬಿಟ್ಟ ಎಣ್ಣೆಯಲ್ಲಿ ಸಿಕ್ಕಿ ಸುಮಾರು 11,000 ಬಾತುಕೋಳಿಗಳು ಸತ್ತವು. ಸಿಟ್ಟಿಗೆದ್ದ ಬೇಟೆಗಾರರು ಎಣ್ಣೆ ಮೆತ್ತಿದ ಹೆಣಗಳನ್ನು ಟ್ರಕ್ಕಿಗೆ ತುಂಬಿ, ರಾಜಧಾನಿ ಲ್ಯಾನ್ಸಿಂಗ್‌ಗೆ ಒಯ್ದು, ಶಾಸನಭವನದ ಮುಂದೆ ಸುರಿದರು. ಮನವಿಪತ್ರಕ್ಕಿಂತ ನೂರು ಪಾಲು ಚೆನ್ನಾಗಿ ಓದಿಸಿಕೊಳ್ಳುವ ಬರಹ ಅದು ಅಂತ ನನ್ನ ಅನಿಸಿಕೆ.

ಕಟ್ಟಡ ಬಿಟ್ಟು ಕಾಲುದಾರಿ ಹಿಡಿದೆವು. ಇಲ್ಲಿಂದ ಮುಂದೆ ಹಂಬಗ್ ಜೌಗು. ಹಂಬಗ್ ಎಂದರೆ ಬೊಗಳೆ, ಬರೀ ಮೋಸ. ಆ ಹೆಸರಿನ ಜಾಗವೇ ಈ ಧಾಮದಲ್ಲಿ ಅಪ್ಪಟವಾದದ್ದು: ನದಿಯ ಅಮೆರಿಕದ ಮಗ್ಗುಲಲ್ಲಿ ಕಲ್ಲು, ಕಾಂಕ್ರೀಟು ಬೀಳದೆ ಉಳಿದ ಕೊನೆಯ ಒಂದು ಮೈಲಿ ದಡ. ಆ ಮಗ್ಗುಲಿನ ಜೌಗುಗಳಲ್ಲಿ ಶೇ. 97ರಷ್ಟು ಆಗಲೇ ಹೋಗಿವೆ. ಇದರ ಮೇಲೂ ಮನೆ ಕಟ್ಟಿ ಮಾರುವವರ ಕಣ್ಣು ಬಿದ್ದಿತ್ತು. ಊರಿನವರು ವರ್ಷಗಟ್ಟಲೆ ಹಟ ಹಿಡಿದ ಮೇಲೆ 2004ರಲ್ಲಿ ಜಾಗ ಧಾಮದ ಕೈಗೆ ಬಂತು. 2010ರಲ್ಲಿ ಜಗತ್ತಿನ ಮಹತ್ವದ ಜೌಗುಗಳ ರಾಮ್ಸರ್ ಪಟ್ಟಿಗೂ ಸೇರಿತು.

ಓಕ್ ಮರಗಳ ನಡುವೆ ಹಿಕ್ಕರಿ. ನಮ್ಮ ನಂದಿ ಮರದ ಹಾಗೆ ತೊಗಟೆ ಪಟ್ಟಿಪಟ್ಟಿಯಾಗಿ ಸುಲಿದು ನೇತಾಡುತ್ತದೆ. ಮುಟ್ಟಿ ನೋಡೋಣವೆಂದು ದಾರಿಯಿಂದ ಒಂದು ಹೆಜ್ಜೆ ಆಚೆ ಇಟ್ಟೆ. ತರಗೆಲೆಯಲ್ಲಿ ಜರ್ ಎಂದು ಸದ್ದು. ಹಳದಿ ಮೈ, ಮೇಲೆ ಕಂದು ಮಚ್ಚೆಯ ಸಾಲು, ಒಂದು ಮಾರಿನ ಹತ್ತಿರಹತ್ತಿರ ಉದ್ದ. ಕೊಳಕುಮಂಡಲವೇ ಎಂದು ನನ್ನ ಕಾಲು ಮೊದಲು ತೀರ್ಮಾನಿಸಿತು, ತಲೆ ಆಮೇಲೆ. “ಅಪ್ಪಾ, ಹೆದರಬೇಡಿ, ಫಾಕ್ಸ್ ಸ್ನೇಕ್, ವಿಷ ಇಲ್ಲ” ಎಂದಳು ಮಗಳು. ಬುಡುಬುಡಿಕೆ ಹಾವಿನಂತೆ ಬಾಲ ಅಲುಗಿಸಿ ಹೆದರಿಸುವುದೇ ಅದರ ಬಂಡವಾಳ. ಆ ನಟನೆಯೇ ಮುಳುವಾಗಿ, ವಿಷದ ಹಾವೆಂದು ಜನ ಕೊಂದು ಕೊಂದು, ಜೌಗೂ ಹೋಗಿ, ಈಗ ಈ ರಾಜ್ಯದಲ್ಲಿ ಅಪಾಯದಂಚಿನ ಪ್ರಾಣಿ. ಅದು ಅವಸರವಿಲ್ಲದೆ ಜೊಂಡಿನೊಳಗೆ ಸರಿದುಹೋಯಿತು. ನನ್ನ ಎದೆಬಡಿತ ಇಳಿಯಲು ಇನ್ನಷ್ಟು ಹೊತ್ತು ಬೇಕಾಯಿತು.

ನೀರಿನಂಚಿಗೆ ಬಂದರೆ ಕೆಸರು ಗೇಣುಗಟ್ಟಲೆ ತೆರೆದುಕೊಂಡಿತ್ತು. ಇಳಿತದ ಹೊತ್ತೇನೋ ಅಂದುಕೊಂಡೆ. ಅಲ್ಲ, ಇಲ್ಲಿ ಭರತಿ ಇಳಿತ ಹೇಳಿಕೊಳ್ಳುವಂಥದ್ದಿಲ್ಲ. ಪಶ್ಚಿಮದ ಗಾಳಿ ಬಲವಾಗಿ ಬೀಸಿದರೆ ಈರಿ ಸರೋವರದ ನೀರೆಲ್ಲ ಆಚೆ ತುದಿಯ ಬಫಲೋ ಕಡೆಗೆ ಒತ್ತಿಕೊಂಡು, ಈ ತುದಿಯಲ್ಲಿ ಇಳಿಯುತ್ತದಂತೆ. ತಟ್ಟೆ ಓರೆ ಮಾಡಿದ ಹಾಗೆ.

ಕೆಸರಿನಲ್ಲಿ ಉಗುರಿನಷ್ಟು ಪಟ್ಟೆಪಟ್ಟೆ ಚಿಪ್ಪುಗಳ ರಾಶಿ. ಬಳಚು ತಿಂದು ಬೆಳೆದ ನನಗೆ ಬಾಯಲ್ಲಿ ನೀರೂರಬೇಕಿತ್ತು. ಆದರೆ ಇದು ಜೀಬ್ರಾ ಮಸೆಲ್. ಹಡಗಿನ ತೂಕಕ್ಕೆ ತುಂಬುವ ನೀರಿನಲ್ಲಿ ಯುರೋಪಿನ ಕಡೆಯಿಂದ ಬಂದು, 1988ರಲ್ಲಿ ಪಕ್ಕದ ಸೇಂಟ್ ಕ್ಲೇರ್ ಸರೋವರದಲ್ಲಿ ಕಣ್ಣಿಗೆ ಬಿತ್ತು. ನಾಡಚಿಪ್ಪುಗಳ ಮೈಗೇ ಅಂಟಿ, ಉಸಿರುಗಟ್ಟಿಸಿ, ಕೆಲವೇ ವರ್ಷಗಳಲ್ಲಿ ಬಹುಪಾಲು ಮುಗಿಸಿತು. ದಡ ಉಳಿಸಿಕೊಂಡವರಿಗೂ ನೀರಿನೊಳಗಿನದು ಕೈಮೀರಿತು.

ಮೀನು ಹಿಡಿಯುವ ಜೆಟ್ಟಿ ಉದ್ದಕ್ಕೆ ನದಿಯೊಳಗೆ ಚಾಚಿಕೊಂಡಿದೆ. ಎದುರಿಗೆ ಹಸಿರು ಕಾಣುವುದು ಕೆನಡಾ ಅಲ್ಲ, ಗ್ರೋಸ್ ಈಲ್ ದ್ವೀಪ. ಬಕೀಟು ಇಟ್ಟುಕೊಂಡು ಗಾಳ ಹಾಕಿದ್ದ ಮುದುಕನೊಬ್ಬ ಬಿಳಿ ಬಾಸ್ ಹಿಡಿಯುತ್ತಿದ್ದ. ನಮ್ಮ ಹುಡುಗ ಬಗ್ಗಿ ನೋಡಿ, “ಸ್ಟರ್ಜನ್ ಸಿಗುತ್ತಾ?” ಎಂದ. ಮುದುಕ ನಕ್ಕು ಕೈಯಿಂದ ನೀರಿನ ತಳ ತೋರಿಸಿದ.

ಸ್ಟರ್ಜನ್ ಈ ನದಿಯ ಹಿರೀಕ. ಹುರುಪೆಯಿಲ್ಲ, ಬೆನ್ನ ಮೇಲೆ ಎಲುಬಿನ ಬಿಲ್ಲೆಗಳು, ಮೂತಿಯಡಿ ನಾಲ್ಕು ಮೀಸೆ. ಆಳೆತ್ತರ ಮೀರಿ ಬೆಳೆಯುತ್ತದೆ, ನೂರು ವರ್ಷ ಬದುಕಬಲ್ಲದು. ಹೆಣ್ಣು ಇಪ್ಪತ್ತು ದಾಟದೆ ಮೊಟ್ಟೆಯಿಡದು. ಬಲೆ ಹರಿಯುತ್ತದೆಂದು ಒಂದು ಕಾಲಕ್ಕೆ ಹಿಡಿದು ದಡಕ್ಕೆ ಎಸೆದರು, ಸೌದೆಯಂತೆ ಒಟ್ಟಿ ಉಗಿಹಡಗಿನ ಒಲೆಗೂ ಹಾಕಿದರು. ಹಡಗಿನ ಕಾಲುವೆಗಾಗಿ ತಳದ ಬಂಡೆ ಒಡೆದ ಮೇಲೆ ಮೊಟ್ಟೆಯಿಡಲೂ ಜಾಗವಿಲ್ಲದಾಯಿತು. ದಶಕಗಳ ನಂತರ 2001ರಲ್ಲಿ ಮತ್ತೆ ಮೊಟ್ಟೆಯಿಟ್ಟದ್ದು ಕಂಡದ್ದೆಲ್ಲಿ ಗೊತ್ತೇ? ಜಗ್ ದ್ವೀಪದ ಬಳಿ, ಹಿಂದೆ ನದಿಗೆ ಸುರಿದ ಕಲ್ಲಿದ್ದಲ ಕಿಟ್ಟದ ಮೇಲೆ. ಗಟ್ಟಿ ನೆಲ ಅಂತ ಮೀನಿಗೆ ಸಿಕ್ಕಿದ್ದು ಅದೇ. ಅದನ್ನು ನೋಡಿ ಮನುಷ್ಯರೂ ಕಲಿತರು. 2008ರಲ್ಲಿ ಫೈಟಿಂಗ್ ದ್ವೀಪದ ಬಳಿ ಕಲ್ಲು ಸುರಿದು ಹಾಸಿದರು. ಮರುವರ್ಷವೇ ಸ್ಟರ್ಜನ್ ಬಂದು ಮೊಟ್ಟೆಯಿಟ್ಟಿತು.

ಜೆಟ್ಟಿಯ ತುದಿಯಲ್ಲಿ ಕೂತು ತಂದಿದ್ದ ಅವಲಕ್ಕಿ ತಿನ್ನುವಾಗ ನಮ್ಮೂರ ಅಘನಾಶಿನಿ ನೆನಪಾಯಿತು. ಅಣೆಕಟ್ಟಿಲ್ಲದ ನದಿ, ಕಗ್ಗ ಭತ್ತದ ಗದ್ದೆ, ಬಳಚು. ತದಡಿಯಲ್ಲಿ ಶಾಖೋತ್ಪನ್ನ ಸ್ಥಾವರ ಬೇಡವೆಂದು ನಮ್ಮವರೂ ಹಟ ಹಿಡಿದಿದ್ದರು. ಅಘನಾಶಿನಿಯ ಅಳಿವೆಯೂ 2024ರಲ್ಲಿ ರಾಮ್ಸರ್ ಪಟ್ಟಿ ಸೇರಿತು. ಮಗಳಿಗೆ ಹೇಳಿದೆ. “ಅಲ್ಲಿ ಎಷ್ಟು ಮೈಲಿ ಉಳಿದಿದೆ ಅಪ್ಪಾ?” ಎಂದಳು. ಲೆಕ್ಕ ಹಾಕಬೇಕು ಅಂತ ನಮಗೆ ಈವರೆಗೆ ಅನಿಸಿಯೇ ಇಲ್ಲ.

ಡೆಟ್ರಾಯ್ಟ್ ಕಡೆಗೆ ಮಕ್ಕಳ ಮನೆಗೆ ಹೋಗುವ ಹಿರಿಯರು ಮಾಲ್ ಸುತ್ತುವುದರ ನಡುವೆ ಒಂದು ಬೆಳಗು ಇತ್ತ ಬನ್ನಿ. ಸೆಪ್ಟೆಂಬರ್ ನಡುವಿಗಾದರೆ ಇನ್ನೂ ಒಳ್ಳೆಯದು. ತೆರೆದ ಸರೋವರ ದಾಟಲು ಒಲ್ಲದ ಗಿಡುಗಗಳು ನದಿಯ ಬಾಯಿ ಕಿರಿದಾದಲ್ಲಿ ಸಾವಿರಗಟ್ಟಲೆ ಸುತ್ತುಹಾಕಿಕೊಂಡು ದಕ್ಷಿಣಕ್ಕೆ ಹೋಗುತ್ತವೆ. ದುರ್ಬೀನು ತನ್ನಿ. ಬಕೀಟಿನ ಮುದುಕ ಮೀನು ಕೊಟ್ಟರೆ ಮಾತ್ರ ಮನೆಗೆ ತರುವ ಮುಂಚೆ ಯಾವುದು, ಎಷ್ಟು ತಿನ್ನಬಹುದು ಎಂಬ ಸರ್ಕಾರದ ಸೂಚನೆ ಓದಿಕೊಳ್ಳಿ. ಪಾದರಸ ಮತ್ತು ಪಿಸಿಬಿ ಎಂಬ ಕಾರ್ಖಾನೆಯ ವಿಷ ಇನ್ನೂ ಈ ನದಿಯಿಂದ ಪೂರ್ತಿ ಹೋಗಿಲ್ಲ.