ಹಳೆಯ ಚಿನ್ನದ ನಾಣ್ಯಗಳು: ದರ್ಜೆ ಮತ್ತು ಮೂಲವನ್ನು ಗುರುತಿಸುವ ಕ್ರಮ

ಕರ್ನಾಟಕದ ಅನೇಕ ಮನೆತನಗಳಲ್ಲಿ ದೇವರ ಪೆಟ್ಟಿಗೆಯಲ್ಲಿಯೋ ಒಡವೆಗಳ ಜೊತೆಯಲ್ಲಿಯೋ ಹಳೆಯ ಚಿನ್ನದ ನಾಣ್ಯಗಳು ಉಳಿದುಬಂದಿವೆ. ಹೊಲ ಉಳುವಾಗ ಅಥವಾ ಮನೆಯ ಪಾಯ ತೆಗೆಯುವಾಗ ಇಂತಹವು ದೊರೆಯುವುದೂ ಉಂಟು. ಕೇವಲ ಚಿನ್ನದ ತೂಕಕ್ಕೆ ಬೆಲೆ ಕಟ್ಟಿ ಕರಗಿಸಿದ ನಾಣ್ಯದೊಡನೆ ಅದರಲ್ಲಿದ್ದ ಇತಿಹಾಸವೂ ಕರಗಿಹೋಗುತ್ತದೆ. ಆದುದರಿಂದ ನಾಣ್ಯವನ್ನು ಪರಿಶೀಲನೆಗೆ ಒಪ್ಪಿಸುವ, ಮಾರುವ ಅಥವಾ ಹೊರದೇಶಕ್ಕೆ ಒಯ್ಯುವ ಮುನ್ನ ಸಾರ್ವಜನಿಕರು ತಿಳಿದಿರಬೇಕಾದ ಅಂಶಗಳನ್ನು ವರಾಹವನ್ನು ಮುಖ್ಯ ಉದಾಹರಣೆಯಾಗಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ.

1. ತೂಕ ಮತ್ತು ಗಾತ್ರ

ವಿಜಯನಗರದ ವರಾಹವು ಸುಮಾರು 3.4 ಗ್ರಾಂ, ಅರ್ಧ ವರಾಹವು ಸುಮಾರು 1.7 ಗ್ರಾಂ ತೂಗುತ್ತದೆ. ಗಾತ್ರದಲ್ಲಿ ಕಿರಿದಾಗಿದ್ದರೂ ಈ ನಾಣ್ಯಗಳು ದಪ್ಪವಾಗಿರುತ್ತವೆ. ಅದೇ ಗಾತ್ರದ ಹಿತ್ತಾಳೆಯ ಬಿಲ್ಲೆಯು ವರಾಹದ ಅರ್ಧ ತೂಕಕ್ಕೂ ಬರುವುದಿಲ್ಲ. ಆದುದರಿಂದ ಮಿಲಿಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗುವುದು ಮೊದಲನೆಯ ಪರೀಕ್ಷೆ.

2. ಚಿನ್ನದ ಶುದ್ಧತೆ

ಒರೆಗಲ್ಲಿನ ಮೇಲೆ ಉಜ್ಜಿದರೆ ನಾಣ್ಯದ ಅಂಚು ಸವೆದು ಕಲೆ ಉಳಿಯುತ್ತದೆ. ಕರಗಿಸಿ ನೋಡುವ ಪರೀಕ್ಷೆಯಲ್ಲಿ ನಾಣ್ಯವೇ ಉಳಿಯುವುದಿಲ್ಲ. ಕ್ಷ-ಕಿರಣ ಯಂತ್ರದ ಪರೀಕ್ಷೆಯು ನಾಣ್ಯಕ್ಕೆ ಹಾನಿ ಮಾಡುವುದಿಲ್ಲವಾದರೂ ಮೇಲ್ಪದರದ ಲೋಹವನ್ನು ಮಾತ್ರ ಅಳೆಯುತ್ತದೆ. ಆದುದರಿಂದ ಇದರೊಡನೆ ನೀರಿನಲ್ಲಿ ತೂಗಿ ಸಾಪೇಕ್ಷ ಸಾಂದ್ರತೆಯನ್ನು ನೋಡುವುದು ಸೂಕ್ತ. ಶುದ್ಧ ಚಿನ್ನದ ಸಾಂದ್ರತೆ 19.3, 22 ಕ್ಯಾರೆಟ್ ಚಿನ್ನದ್ದು ಸುಮಾರು 17.8, ಹಿತ್ತಾಳೆಯದು ಸುಮಾರು 8.5. ಈ ಪರೀಕ್ಷೆಗಳು ಲೋಹವನ್ನು ಮಾತ್ರ ತಿಳಿಸುತ್ತವೆ, ಕಾಲವನ್ನಲ್ಲ. ಇಂದು ಹೊಸದಾಗಿ ಮಾಡಿದ ನಕಲು ನಾಣ್ಯವೂ ಒಳ್ಳೆಯ ಚಿನ್ನದ್ದಾಗಿರಬಹುದು.

3. ಚಿತ್ರ ಮತ್ತು ಬರಹ

ನಾಣ್ಯವನ್ನು ಹೊರಡಿಸಿದ ಅರಸನನ್ನು ಚಿತ್ರ ಮತ್ತು ಬರಹ ಎರಡನ್ನೂ ಕೂಡಿಸಿ ನಿರ್ಣಯಿಸತಕ್ಕದ್ದು. ಕೃಷ್ಣದೇವರಾಯನ (1509–1529) ಒಂದು ಬಗೆಯ ವರಾಹದಲ್ಲಿ ಕುಳಿತಿರುವ ಬಾಲಕೃಷ್ಣನೂ ಹಿಂಬದಿಯಲ್ಲಿ ನಾಗರಿ ಲಿಪಿಯಲ್ಲಿ 'ಶ್ರೀ ಪ್ರತಾಪ ಕೃಷ್ಣರಾಯ' ಎಂಬ ಬರಹವೂ ಇವೆ. ಅಚ್ಯುತರಾಯನ ನಾಣ್ಯಗಳಲ್ಲಿ ಗಂಡಭೇರುಂಡವಿದೆ.

ಚಿತ್ರವೊಂದನ್ನೇ ನಂಬಿದರೆ ತಪ್ಪಾಗುವ ಸಂಭವ ಹೆಚ್ಚು. ಉಮಾಮಹೇಶ್ವರರ ಚಿತ್ರವು ವಿಜಯನಗರದ ನಾಣ್ಯಗಳಲ್ಲಿದೆ. ಕೆಳದಿಯ ನಾಯಕರ ಇಕ್ಕೇರಿ ವರಾಹದಲ್ಲಿ 'ಶ್ರೀ ಸದಾಶಿವ' ಎಂಬ ಬರಹದೊಡನೆ ಬರುತ್ತದೆ. 1763ರಲ್ಲಿ ಬಿದನೂರನ್ನು ಗೆದ್ದ ಹೈದರ್ ಅಲಿಯು ಅದೇ ಚಿತ್ರವನ್ನು ಉಳಿಸಿಕೊಂಡು ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರವನ್ನು ಮುದ್ರಿಸಿದನು. ಮುಮ್ಮಡಿ ಕೃಷ್ಣರಾಜ ಒಡೆಯರ ವರಾಹದಲ್ಲಿಯೂ ಶಿವಪಾರ್ವತಿಯರಿದ್ದು, ಹಿಂಬದಿಯಲ್ಲಿ 'ಶ್ರೀ ಕೃಷ್ಣರಾಜ' ಎಂದಿದೆ. ಇದನ್ನು ಕೃಷ್ಣದೇವರಾಯನ ನಾಣ್ಯವೆಂದು ಓದಿದಲ್ಲಿ ಸುಮಾರು ಮುನ್ನೂರು ವರ್ಷಗಳ ಅಂತರವೇ ಅಳಿಸಿಹೋಗುತ್ತದೆ.

4. ಅಸಲು ಮತ್ತು ನಕಲು

ಹಳೆಯ ವರಾಹಗಳನ್ನು ಅಚ್ಚಿನ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆದು ಮುದ್ರಿಸಲಾಗುತ್ತಿತ್ತು. ಅಚ್ಚು ನಾಣ್ಯಕ್ಕಿಂತ ದೊಡ್ಡದಾಗಿರುತ್ತಿದ್ದುದರಿಂದ ಅಂಚಿನ ಅಕ್ಷರಗಳು ಬಿಟ್ಟುಹೋಗಿರುವುದು ದೋಷವಲ್ಲ. ಎರಕ ಹೊಯ್ದ ನಕಲಿನಲ್ಲಿ ಸೂಜಿಮೊನೆಯಂತಹ ಕುಳಿಗಳು, ಅಂಚಿನ ಸುತ್ತ ಬೆಸುಗೆಯ ಗೆರೆ ಮತ್ತು ಮೊಂಡಾದ ಅಕ್ಷರಗಳು ಕಾಣಿಸಬಹುದು. ರಾಮಪಟ್ಟಾಭಿಷೇಕದ ಚಿತ್ರವಿರುವ ರಾಮಟಂಕಗಳು ಪೂಜೆಗಾಗಿ ಮಾಡಿದ ಬಿಲ್ಲೆಗಳೇ ಹೊರತು ಚಲಾವಣೆಯ ನಾಣ್ಯಗಳಲ್ಲ. ಅವುಗಳ ಮೇಲಿನ ಪ್ರಾಚೀನ ಇಸವಿಯನ್ನು ನಂಬತಕ್ಕದ್ದಲ್ಲ.

ನಿಧಿ ದೊರೆತಿದೆಯೆಂದು ಹೇಳಿ ಅಗ್ಗದ ಬೆಲೆಗೆ ನಾಣ್ಯ ಮಾರುವವರ ಬಗ್ಗೆ ಎಚ್ಚರಿಕೆ ಅಗತ್ಯ. ಮಾದರಿಗಾಗಿ ಕೊಡುವ ಒಂದೆರಡು ನಾಣ್ಯಗಳು ಅಪ್ಪಟ ಚಿನ್ನದವಾಗಿದ್ದು, ಹಣ ಪಡೆದು ಕೊಡುವ ಚೀಲದಲ್ಲಿ ಹಿತ್ತಾಳೆಯವು ಇರುವುದು ಈ ವಂಚನೆಯ ರೀತಿ.

5. ಸ್ಥಿತಿಯ ದರ್ಜೆ

ದರ್ಜೆ ಎಂದರೆ ಚಿನ್ನದ ಶುದ್ಧತೆಯಲ್ಲ. ನಾಣ್ಯವು ಎಷ್ಟು ಸವೆದಿದೆ ಎಂಬುದರ ಅಳತೆ. ಸಂಗ್ರಾಹಕರು ಇದನ್ನು ಫೈನ್, ವೆರಿ ಫೈನ್, ಎಕ್ಸ್‌ಟ್ರೀಮ್ಲಿ ಫೈನ್ ಮುಂತಾಗಿ ಹೇಳುವುದು ರೂಢಿ. ದೇವತೆಯ ಮುಖ, ಮೊಣಕಾಲು ಮೊದಲಾದ ಉಬ್ಬು ಭಾಗಗಳು ಮೊದಲು ಸವೆಯುತ್ತವೆ. ಸರಕ್ಕೆ ಹಾಕಲು ಕೊರೆದ ರಂಧ್ರ, ಕೊಂಡಿಯ ಬೆಸುಗೆಯ ಗುರುತು ಮತ್ತು ಉಜ್ಜಿ ಹೊಳಪು ಕೊಟ್ಟ ಗೀರುಗಳು ದರ್ಜೆಯನ್ನು ತಗ್ಗಿಸುತ್ತವೆ. ಹುಣಸೆಹಣ್ಣು, ಬೂದಿ, ಆಮ್ಲ ಅಥವಾ ಪಾಲಿಷ್ ಬಳಸಿ ನಾಣ್ಯವನ್ನು ತೊಳೆಯಬಾರದು.

6. ದೊರೆತ ಸ್ಥಳದ ವಿವರ

ನಾಣ್ಯವು ಯಾವ ಊರಿನಲ್ಲಿ, ಯಾವ ಆಳದಲ್ಲಿ, ಯಾವ ಪಾತ್ರೆಯಲ್ಲಿ, ಯಾವ ಇತರ ನಾಣ್ಯಗಳೊಡನೆ ದೊರೆಯಿತೆಂಬುದು ಬಹು ಮುಖ್ಯ. ಒಂದೇ ಕುಡಿಕೆಯ ನಾಣ್ಯಗಳಲ್ಲಿ ಅತ್ಯಂತ ಈಚಿನದು ಯಾವುದೋ ಅದಕ್ಕಿಂತ ಮೊದಲು ಆ ಕುಡಿಕೆಯನ್ನು ಹೂತಿರಲು ಸಾಧ್ಯವಿಲ್ಲ. ಆ ನಾಣ್ಯವನ್ನು ಬೇರ್ಪಡಿಸಿದರೆ ಈ ಸಾಕ್ಷ್ಯ ಮತ್ತೆ ದೊರೆಯುವುದಿಲ್ಲ. ಮನೆತನದ ನಾಣ್ಯಗಳಾದಲ್ಲಿ ಹಳೆಯ ಪಾಲುಪತ್ರ, ಉಯಿಲು, ರಸೀದಿ ಹಾಗೂ ಛಾಯಾಚಿತ್ರಗಳು ಆಧಾರವಾಗುತ್ತವೆ.

7. ಕಾನೂನಿನ ಅಂಶಗಳು

ಭೂಮಿಯಲ್ಲಿ ದೊರೆತ ನಾಣ್ಯಗಳು ನಿಧಿಗೆ ಸಂಬಂಧಿಸಿದ ಕಾನೂನಿಗೆ ಒಳಪಡುತ್ತವೆ. ಅವುಗಳ ಬಗ್ಗೆ ಜಿಲ್ಲಾಧಿಕಾರಿಯವರಿಗೆ ಲಿಖಿತವಾಗಿ ತಿಳಿಸತಕ್ಕದ್ದು. ಮುಚ್ಚಿಟ್ಟಲ್ಲಿ ಶಿಕ್ಷೆಗೆ ಗುರಿಯಾಗಬೇಕಾಗುತ್ತದೆ.

ನೂರು ವರ್ಷಗಳಿಗೆ ಕಡಿಮೆಯಿಲ್ಲದಷ್ಟು ಹಳೆಯದಾದ ನಾಣ್ಯವು ಪ್ರಾಚ್ಯವಸ್ತುಗಳು ಮತ್ತು ಕಲಾನಿಧಿಗಳ ಅಧಿನಿಯಮ, 1972ರ ಅನ್ವಯ ಪ್ರಾಚ್ಯವಸ್ತುವಾಗಿದೆ. ಖಾಸಗಿ ವ್ಯಕ್ತಿಗಳು ಇದನ್ನು ಹೊರದೇಶಕ್ಕೆ ರಫ್ತು ಮಾಡುವಂತಿಲ್ಲ. ಮಾಡಿದಲ್ಲಿ ಆರು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷಗಳವರೆಗಿನ ಸೆರೆವಾಸ ಹಾಗೂ ದಂಡ ವಿಧಿಸಬಹುದಾಗಿದೆ. ಪ್ರಾಚ್ಯವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಕಡ್ಡಾಯ. ವಸ್ತುವೊಂದು ಪ್ರಾಚ್ಯವಸ್ತು ಹೌದೋ ಅಲ್ಲವೋ ಎಂಬ ಪ್ರಶ್ನೆ ಬಂದಾಗ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರ ಅಥವಾ ಅವರು ಅಧಿಕಾರ ನೀಡಿದ ಅಧಿಕಾರಿಯ ತೀರ್ಮಾನವೇ ಅಂತಿಮ. ವಿದೇಶಕ್ಕೆ ಹೋಗುವವರು ಹಳೆಯ ಮಾದರಿಯ ಹೊಸ ಬಿಲ್ಲೆಗಳನ್ನು ಒಯ್ಯುವುದಾದಲ್ಲಿ, ಅವು ಪ್ರಾಚ್ಯವಸ್ತುಗಳಲ್ಲವೆಂಬ ಪ್ರಮಾಣಪತ್ರವನ್ನು ಆ ಇಲಾಖೆಯಿಂದ ಮುಂಚಿತವಾಗಿ ಪಡೆಯುವುದು ಕ್ಷೇಮಕರ.

8. ಪರಿಶೀಲನೆಗೆ ಮುನ್ನ ಸಿದ್ಧಪಡಿಸಿಕೊಳ್ಳಬೇಕಾದವು

ಅ) ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು ತೆಗೆದ ನಾಣ್ಯದ ಎರಡೂ ಬದಿಗಳ ಮತ್ತು ಅಂಚಿನ ಛಾಯಾಚಿತ್ರಗಳು.
ಆ) ಪ್ರತಿ ನಾಣ್ಯದ ತೂಕ ಮತ್ತು ವ್ಯಾಸ.
ಇ) ದೊರೆತ ಸ್ಥಳ, ದಿನಾಂಕ ಮತ್ತು ಜೊತೆಯಲ್ಲಿದ್ದ ವಸ್ತುಗಳ ವಿವರ, ಪಿತ್ರಾರ್ಜಿತವಾದಲ್ಲಿ ಲಭ್ಯ ದಾಖಲೆಗಳ ಪ್ರತಿ.
ಈ) ನಾಣ್ಯಗಳನ್ನು ತೊಳೆಯದೆ, ಒಂದಕ್ಕೊಂದು ತಾಗದಂತೆ ಬೇರೆ ಬೇರೆ ಕಾಗದದ ಲಕೋಟೆಗಳಲ್ಲಿಟ್ಟು, ಲಕೋಟೆಯ ಮೇಲೆ ಕ್ರಮಸಂಖ್ಯೆ ಬರೆದಿರತಕ್ಕದ್ದು.