ಮಾನವರಲ್ಲಿ ಆಕ್ರಮಣಶೀಲತೆ ಮತ್ತು ಸಹಕಾರ

ಇತರರಿಗೆ ಹಾನಿಯುಂಟುಮಾಡುವ ಉದ್ದೇಶದ ವರ್ತನೆಯನ್ನು ಆಕ್ರಮಣಶೀಲತೆ ಎಂದೂ, ಪರಸ್ಪರ ಹಿತಕ್ಕಾಗಿ ಒಟ್ಟಾಗಿ ಶ್ರಮಿಸುವುದನ್ನು ಸಹಕಾರ ಎಂದೂ ಕರೆಯುತ್ತಾರೆ. ಇವು ವಿರುದ್ಧ ಗುಣಗಳಂತೆ ಕಂಡರೂ ಮಾನವ ಸಮಾಜದಲ್ಲಿ ಒಂದನ್ನೊಂದು ಪೋಷಿಸುತ್ತ ಬಂದಿವೆ. ಈ ಸಂಬಂಧಕ್ಕೆ ಕರ್ನಾಟಕದ ಬಾಗಲಕೋಟೆ ಜಿಲ್ಲೆಯ ಬಾದಾಮಿ, ಪಟ್ಟದಕಲ್ಲು ಹಾಗೂ ಐಹೊಳೆಯ ಇತಿಹಾಸದಲ್ಲಿ ಸ್ಪಷ್ಟ ಉದಾಹರಣೆಗಳಿವೆ.

ವಿಕಾಸವಾದದ ವಿವರಣೆ

ಮಾನವಶಾಸ್ತ್ರಜ್ಞ ರಿಚರ್ಡ್ ರಾಂಗಮ್ ಆಕ್ರಮಣಶೀಲತೆಯನ್ನು ಎರಡು ಬಗೆಯಾಗಿ ವಿಂಗಡಿಸುತ್ತಾರೆ. ಕೆಣಕಿದಾಗ ಸಿಟ್ಟಿನಿಂದ ಹೊಮ್ಮುವುದು ಒಂದು. ಮುಂಚಿತವಾಗಿ ಯೋಜಿಸಿ ನಡೆಸುವುದು ಇನ್ನೊಂದು. ಚಿಂಪಾಂಜಿಗಳಿಗೆ ಹೋಲಿಸಿದರೆ ಮಾನವರಲ್ಲಿ ಮೊದಲನೆಯದು ಬಹಳ ಕಡಿಮೆ, ಎರಡನೆಯದು ಮಾತ್ರ ಚಿಂಪಾಂಜಿಗಳಲ್ಲಿರುವಂತೆಯೇ ಹೆಚ್ಚು ಎಂಬುದು ಅವರ ವಾದ. ಅನೇಕರು ಸೇರಿ ನಡೆಸುವ ಯೋಜಿತ ದಾಳಿಗೆ ಪರಸ್ಪರ ನಂಬಿಕೆ ಅಗತ್ಯ. ಆದ್ದರಿಂದ ಯುದ್ಧವೂ ಒಂದು ಬಗೆಯ ಸಹಕಾರವನ್ನು ಅವಲಂಬಿಸಿದೆ. ಸ್ವಂತ ಗುಂಪಿಗಾಗಿ ತ್ಯಾಗ ಮಾಡುವ ಗುಣ ಮತ್ತು ಹೊರಗಿನವರ ಮೇಲಿನ ಹಗೆತನ ಜೊತೆಯಾಗಿಯೇ ವಿಕಾಸಗೊಂಡಿರಬಹುದೆಂದು ಜಂಗ್-ಕ್ಯೂ ಚೋಯ್ ಮತ್ತು ಸ್ಯಾಮ್ಯುಯೆಲ್ ಬೌಲ್ಸ್ 2007ರಲ್ಲಿ ಗಣಿತೀಯ ಮಾದರಿಯ ಮೂಲಕ ತೋರಿಸಿದರು.

ಐತಿಹಾಸಿಕ ಉದಾಹರಣೆಗಳು

ಚಾಲುಕ್ಯ ದೊರೆ ಇಮ್ಮಡಿ ಪುಲಕೇಶಿ ಪಲ್ಲವರ ಮೇಲೆ ದಂಡೆತ್ತಿ ಹೋದನು. ಪಲ್ಲವ ಒಂದನೆಯ ನರಸಿಂಹವರ್ಮನು ಕ್ರಿ.ಶ. 642ರಲ್ಲಿ ಚಾಲುಕ್ಯರ ರಾಜಧಾನಿ ವಾತಾಪಿಯನ್ನು, ಅಂದರೆ ಇಂದಿನ ಬಾದಾಮಿಯನ್ನು, ವಶಪಡಿಸಿಕೊಂಡನು. ಮುಂದಿನ ಶತಮಾನದಲ್ಲಿ ಕಂಚಿಯನ್ನು ಗೆದ್ದ ಇಮ್ಮಡಿ ವಿಕ್ರಮಾದಿತ್ಯನು ನಗರವನ್ನು ನಾಶಮಾಡಲಿಲ್ಲ. ಅಲ್ಲಿನ ರಾಜಸಿಂಹೇಶ್ವರ (ಕೈಲಾಸನಾಥ) ದೇವಾಲಯದ ಸಂಪತ್ತನ್ನು ದೇವರಿಗೇ ಹಿಂದಿರುಗಿಸಿದ ಸಂಗತಿಯನ್ನು ಆ ದೇವಾಲಯದಲ್ಲಿರುವ ಕನ್ನಡ ಶಾಸನವು ತಿಳಿಸುತ್ತದೆ. ಈ ವಿಜಯದ ನೆನಪಿಗಾಗಿ ರಾಣಿ ಲೋಕಮಹಾದೇವಿಯು ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ವಾಸ್ತುಶೈಲಿಯಲ್ಲಿ ಕಂಚಿಯ ಕೈಲಾಸನಾಥ ದೇವಾಲಯದ ಪ್ರಭಾವ ಕಾಣುತ್ತದೆ. ಹೀಗೆ ಶತ್ರುವಿನ ಕಲೆಯು ಗೆದ್ದವನ ನಾಡಿನಲ್ಲಿ ಮುಂದುವರಿಯಿತು.

ಹುನಗುಂದ ತಾಲ್ಲೂಕಿನ ಐಹೊಳೆಯ ಹೆಸರಿನಿಂದ ಖ್ಯಾತವಾದ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘವು ದಕ್ಷಿಣ ಭಾರತದಾದ್ಯಂತ ವ್ಯಾಪಾರ ನಡೆಸುತ್ತಿತ್ತು. ಸಮಾನ ಕಟ್ಟುಪಾಡುಗಳು ಸದಸ್ಯರನ್ನು ಒಗ್ಗೂಡಿಸಿದ್ದವು. ದೂರದ ದಾರಿಗಳಲ್ಲಿ ಸರಕನ್ನು ರಕ್ಷಿಸಲು ಸಂಘಕ್ಕೆ ಶಸ್ತ್ರಸಜ್ಜಿತ ಪಡೆಯೂ ಇತ್ತು.

ಪ್ರತಿವರ್ತನೆಯ ನೀತಿ

ಬಾದಾಮಿಯ ಬಂಡೆಯೊಂದರ ಮೇಲೆ ಕ್ರಿ.ಶ. ಸುಮಾರು 700ರ ಕಪ್ಪೆ ಅರಭಟ್ಟನ ಶಾಸನವಿದೆ. ತ್ರಿಪದಿ ಛಂದಸ್ಸಿನ ಅತಿ ಪ್ರಾಚೀನ ಉದಾಹರಣೆಗಳಲ್ಲಿ ಇದೂ ಒಂದು. ಅರಭಟ್ಟನು ಒಳ್ಳೆಯವರಿಗೆ ಒಳ್ಳೆಯವನೂ, ಪೀಡಿಸುವವರಿಗೆ ಅಸಾಧಾರಣ ಎದುರಾಳಿಯೂ ಆಗಿದ್ದನೆಂಬುದು ಅದರ ಆಶಯ. ಆಧುನಿಕ ಸಂಶೋಧನೆಯಲ್ಲಿಯೂ ಇಂಥದೇ ನೀತಿಯ ಬಲ ಕಂಡುಬಂದಿದೆ. ಸುಮಾರು 1980ರಲ್ಲಿ ರಾಬರ್ಟ್ ಆಕ್ಸೆಲ್‌ರಾಡ್ ಏರ್ಪಡಿಸಿದ ಕಂಪ್ಯೂಟರ್ ಸ್ಪರ್ಧೆಗಳಲ್ಲಿ ಅನಾತೊಲ್ ರ‍್ಯಾಪಪೋರ್ಟ್ ಸಲ್ಲಿಸಿದ ಸರಳ ತಂತ್ರವು ಗೆದ್ದಿತು. ಅದು ಮೊದಲು ಸಹಕರಿಸುತ್ತದೆ. ಅನಂತರ ಎದುರಾಳಿಯ ಹಿಂದಿನ ನಡೆಯನ್ನೇ ಅನುಸರಿಸುತ್ತದೆ. ಎದುರಾಳಿ ಮತ್ತೆ ಸಹಕಾರಕ್ಕೆ ಮರಳಿದರೆ ತಾನೂ ಹಗೆತನ ಬಿಡುತ್ತದೆ. ಆದರೆ ಒಂದು ನಡೆಯನ್ನು ತಪ್ಪಾಗಿ ಅರ್ಥೈಸಿದರೂ ಸೇಡಿನ ಸರಣಿ ಆರಂಭವಾಗಬಹುದಾದ್ದರಿಂದ, ದೀರ್ಘಕಾಲದ ಸಹಕಾರಕ್ಕೆ ಕ್ಷಮೆಯೂ ಅಗತ್ಯವೆಂದು ಮುಂದಿನ ಅಧ್ಯಯನಗಳು ಸೂಚಿಸಿವೆ.